ಉದ್ದನೆಯ ಹುದ್ದೆ

“ಎಲ್ಲಿ, ಅದ್ನ ಒಂದ್ಸಲ ಅನ್ನವ್ವ, ಇವ್ರೂ ಕೇಳ್ಲಿ” ಎಂದ ಚಲುವರಾಜು.

ಹನಕೆರೆಯಿಂದ ಹೆಣ್ಣು ನೋಡಲು ಬಂದವರ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಇತ್ತು. ಚಾಪೆಯ ತುದಿಯಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ದೀಪಿಕ ತಲೆಯೆತ್ತಲಿಲ್ಲ. ಹಿಂದೆಲ್ಲ ಹೀಗೆ ಬಂದವರ ಮುಂದೆ ಹುಡುಗಿಯಿಂದ ದೇವರನಾಮ ಹೇಳಿಸುತ್ತಿದ್ದರು. ಚಲುವರಾಜುವಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತ್ತು. ಮಗಳು ಮಂಡ್ಯಕ್ಕೆ ಹೋಗಿ ಜರ್ಮನ್ ಕಲಿತಿದ್ದಳು. ಜರ್ಮನಿಯಲ್ಲಿ ಕೆಲಸವೂ ಖಾತ್ರಿಯಾಗಿತ್ತು. ಹುದ್ದೆಯ ಹೆಸರು ಎಷ್ಟು ಉದ್ದವೆಂದರೆ, ಡೈರಿಗೆ ಹಾಲು ಹಾಕಲು ನಿಂತವರೆಲ್ಲ ಅದನ್ನು ಕೇಳಿ ಬಾಯಿ ಬಿಟ್ಟಿದ್ದರು. ಇಷ್ಟುದ್ದದ ಹೆಸರಿರಬೇಕಾದರೆ ಡಿಸಿ ಸಾಹೇಬರಷ್ಟಾದರೂ ದೊಡ್ಡ ಕೆಲಸವೇ ಇರಬೇಕೆಂದು ಅವನೇ ಅಂದುಕೊಂಡು ಊರಿಗೆಲ್ಲ ಸಾರಿದ್ದ. ಮಗಳನ್ನು ಕೇಳಿರಲಿಲ್ಲ.

“ಆಲ್ಟನ್‌ಫ್ಲೇಗೆಹೆಲ್ಫರಿನ್” ಎಂದಳು ದೀಪಿಕ.

“ಅಯ್ಯಪ್ಪ! ಗೂಡ್ಸ್ ರೈಲು ಓಡ್ದಂಗಾಯ್ತಲ್ಲ!” ಗಂಡಿನ ತಾಯಿ ದೇವಿರಮ್ಮ ನಕ್ಕಳು. “ಅಂಗಂದ್ರೇನವ್ವ?”

“ಏನಿಲ್ಲಮ್ಮ. ಇಂಗ್ಲಿಷ್ನೋರು ಬುಡ್ಸಿ ಬರೆಯೋದ್ನ ಜರ್ಮನ್ನೋರು ಅಂಟ್ಸಿ ಬರೀತಾರೆ, ಅಷ್ಟೇಯ. ಆಲ್ಟನ್ ಅಂದ್ರೆ ವಯಸ್ಸಾದೋರು. ಫ್ಲೇಗೆ ಅಂದ್ರೆ ಆರೈಕೆ. ಹೆಲ್ಫರಿನ್ ಅಂದ್ರೆ ಸಹಾಯಕ್ಕೆ ನಿಲ್ಲೋಳು.”

ದೇವಿರಮ್ಮನ ತುತ್ತು ಬಾಯಿಯ ಹತ್ತಿರವೇ ನಿಂತಿತು. “ಅಂದ್ರೆ, ಮುದುಕ್ರ ಉಚ್ಚೆ ಬಟ್ಟೆ ಬದಲಾಯ್ಸೋ ಕೆಲ್ಸವಾ?”

“ಊಂ. ಅದೂ ಮಾಡ್ಬೇಕು.”

“ಅಯ್, ಇಲ್ಲ ಕಣಕ್ಕ!” ಚಲುವರಾಜುವಿನ ದನಿ ಏರಿತು. “ಮಗೀಗೇನ್ ಗೊತ್ತು? ಆಪೀಸರ್ ಕೆಲ್ಸ ಅದು. ಅಂತಾದ್ನೆಲ್ಲ ನನ್ ಮಗ್ಳು ಮುಟ್ಟಾಕಿಲ್ಲ.”

ದೀಪಿಕ ಅಪ್ಪನ ಮುಖ ನೋಡಿದಳು. ಅವನು ನೋಡಲಿಲ್ಲ.

ಅಷ್ಟರಲ್ಲಿ ಕೋಣೆಯಿಂದ ಅವನ ತಾಯಿ ಅಂಕಮ್ಮನ ದನಿ ಬಂತು. ಸೊಂಟ ಮುರಿದು ಹಾಸಿಗೆ ಹಿಡಿದ ಮುದುಕಿ. ಅವಳನ್ನು ನೋಡಿಕೊಳ್ಳಲು ಮನೆಯಲ್ಲಿ ದೀಪಿಕಳನ್ನು ಬಿಟ್ಟರೆ ಬೇರೆ ಹೆಂಗಸಿರಲಿಲ್ಲ.

“ದೀಪೀ... ಒದ್ದೆಯಾಗದೆ ಕಣವ್ವ.”

ದೀಪಿಕ ಸೆರಗು ಸಿಕ್ಕಿಸಿ ಎದ್ದಳು. ಚಲುವರಾಜು ಕಣ್ಣಲ್ಲೇ ಗದರಿದ. ಅವಳು ಕೂತಳು. ಮತ್ತೆ ಕರೆ ಬಂದಾಗ ಅವನೇ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಅವ್ವನನ್ನು ಎಲ್ಲಿ ಹಿಡಿದು ಹೊರಳಿಸಬೇಕೆಂದು ಅವನಿಗೆ ತಿಳಿಯಲಿಲ್ಲ. ಒಣಬಟ್ಟೆ ಎಲ್ಲಿರುತ್ತದೆ ಎಂಬುದೂ ತಿಳಿಯಲಿಲ್ಲ. ತೋಳಿಗೆ ಕೈಹಾಕಿ ಎಳೆದ. ಮುದುಕಿ ನೋವಿಗೆ ಹಲ್ಲು ಕಚ್ಚಿದಳು.

“ಬುಡ್ಲಾ, ನಿನ್ ಕೈಲಾಗಾಕಿಲ್ಲ. ಮಗೀನ ಕಳ್ಸು.”

ಕರೆಯಲೆಂದು ಬಾಗಿಲ ಕಡೆ ತಿರುಗಿದ. ಮಗಳ ಹೆಸರು ಬಾಯಿಂದ ಹೊರಡಲಿಲ್ಲ. ಒದ್ದೆ ಬಟ್ಟೆಯ ಒಂದು ತುದಿ ಕೈಯಲ್ಲಿ ಹಿಡಿದು ಹಾಗೇ ನಿಂತ. ಹೊರಗೆ ಯಾರೋ ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ನೆಲಕ್ಕಿಟ್ಟ ಸದ್ದಾಯಿತು.