ಮೊದಲ ಹೋಳು

ಆ ಬೆಳಿಗ್ಗೆ ಒಣ ಗಾಳಿ ಎದ್ದಿತ್ತು. ವಾರವಿಡೀ ಕವಿದುಕೊಂಡಿದ್ದ ಮೋಡ ಬೆಳಗಾಗುವಷ್ಟರಲ್ಲಿ ಎಲ್ಲಿಗೋ ಸರಿದುಹೋಗಿ, ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಕಾಣುತ್ತಿತ್ತು. ಹಂದಿಯ ತೊಡೆಗೆ ಉಪ್ಪು ತಿಕ್ಕಿ, ಗಾಳಿಗೆ ತೂಗುಹಾಕಿ, ತಿಂಗಳುಗಟ್ಟಲೆ ಒಣಗಿಸಿ ಹ್ಯಾಮ್ ಮಾಡಿ ಮಾರುವ ಮನೆ ಅದು. ಇಂಥ ಗಾಳಿ ಬಂದ ದಿನ ಅಲ್ಲಿ ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಮನೆಯಾಕೆ ಎದ್ದವಳೇ ದೇವರಿಗೆ ಕೈಮುಗಿದು, ಮಹಡಿ ಹತ್ತಿ, ಒಣಗಿಸುವ ಕೋಣೆಯ ಉದ್ದನೆಯ ಕಿಟಕಿಗಳನ್ನು ಒಂದೊಂದಾಗಿ ತೆರೆದಳು. ಸಾಲು ಸಾಲಾಗಿ ತೂಗುತ್ತಿದ್ದ ತೊಡೆಗಳು ಗಾಳಿಗೆ ಮೆಲ್ಲಗೆ ಅಲುಗಿದವು.

ಅವಳ ಹಿಂದೆಯೇ ಮಗಳು ಬಂದಳು. ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದು ಗುಬ್ಬಿ ಅಂತ. ಚಿಕ್ಕಂದಿನಿಂದ ಕೊರಳು ಸಣ್ಣ, ಊಟ ಸಣ್ಣ. ಹೋಟೆಲಿನವರು ಕೇಳಿದ್ದ, ಕೊಯ್ಯಲು ಹದಕ್ಕೆ ಬಂದ ತೊಡೆಯೊಂದನ್ನು ಕೊಕ್ಕೆಯಿಂದ ಇಳಿಸಿ ಹೆಗಲಿಗೇರಿಸಿಕೊಂಡು ಗುಬ್ಬಿ ಮೆಟ್ಟಿಲಿನತ್ತ ನಡೆದಳು.

"ನಿಲ್ಲೇ, ನಿಮ್ಮಣ್ಣನ್ನ ಕರಿ."

"ಪೈಲ್ವಾನರು ಇನ್ನೂ ಕನ್ನಡಿ ಮುಂದೆ ತೋಳು ನೋಡ್ಕೊಳ್ತಿದಾರೆ, ಅಮ್ಮ. ಮುಹೂರ್ತ ಮುಗಿಯೋದಕ್ಕೆ ಹೊತ್ತಾಗತ್ತೆ."

ತಾಯಿ ನಕ್ಕಳು. ನಗು ಮುಗಿಯುವ ಮೊದಲೇ ಕೆಳಗೆ ಧೊಪ್ಪನೆ ಸದ್ದಾಯಿತು.

ಓಡಿ ಇಳಿದು ಬಂದಾಗ ಮಗಳು ಕೊನೆಯ ಮೆಟ್ಟಿಲಿನ ಬುಡದಲ್ಲಿ ಬಿದ್ದಿದ್ದಳು. ಕಣ್ಣು ಮುಚ್ಚಿತ್ತು, ತುಟಿ ಬಿಳಿಚಿಕೊಂಡಿತ್ತು. ಹೊತ್ತಿದ್ದ ತೊಡೆ ಉರುಳಿಕೊಂಡು ಬಾಗಿಲಿನವರೆಗೆ ಹೋಗಿತ್ತು. ಅಂಗಡಿಯಿಂದ ಧಾವಿಸಿ ಬಂದ ಯಜಮಾನ ಬಾಗಿಲಲ್ಲೇ ಬಗ್ಗಿ, ಮೊದಲು ತೊಡೆಯನ್ನು ಎತ್ತಿಕೊಂಡ. ತಿರುಗಿಸಿ ನೋಡಿದ. ಅಂಚನ್ನು ಹೆಬ್ಬೆರಳಿನಿಂದ ಸವರಿದ. "ಅಯ್ಯೋ, ಮೂಳೆ ಹತ್ತಿರ ಬಿರುಕು ಬಿಡ್ತಲ್ಲೇ!" ಅಂದ. ಆಮೇಲೆ ಮಗಳತ್ತ ನೋಡಿದ.

ತಾಯಿ ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಎದೆಯೊಳಗೆ ಏನೋ ಹೊತ್ತಿಕೊಂಡಿತು. ಗಾಳಿ ಬೀಸುತ್ತಿದ್ದ ದಿನ ಬೇರೆ.

ಅಣ್ಣ ಗುಬ್ಬಿಯನ್ನು ಹೊತ್ತುಕೊಂಡು, ಹಿಂದೆಯೇ ತಾಯಿ, ಬೀದಿಯ ಕೊನೆಯ ದವಾಖಾನೆಗೆ ಓಡಿದರು. ಅಲ್ಲಿನ ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಬೆರಳಿನ ಉಗುರು ಒತ್ತಿ ನೋಡಿದರು, ಸೂಜಿ ಚುಚ್ಚಿ ರಕ್ತ ತೆಗೆದು ಪರೀಕ್ಷೆ ಮಾಡಿದರು.

"ರಕ್ತ ತೀರಾ ಕಡಿಮೆ ಇದೆ. ದಿನಾ ಏನು ತಿಂತೀಯಮ್ಮ?"

"ಬ್ರೆಡ್ಡು. ಆಲೂಗಡ್ಡೆ. ಕೊಯ್ದಾಗ ಉಳಿಯೋ ನೆಣ, ಚರ್ಮ. ಮೂಳೆ ಬೇಯಿಸಿದ ನೀರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮ್ಮನೆ ಹ್ಯಾಮ್ ನಮ್ಮನೆಗೂ ಬರತ್ತೆ, ಊರಿಗೆಲ್ಲಾ ಹೋಗತ್ತೆ. ಅದರ ಕೆಂಪು ಭಾಗ ಎಲ್ಲಿ ಹೋಯ್ತು?"

"ಅದು ಅಂಗಡಿಗೆ. ಮಿಕ್ಕಿದ್ದು ಅಪ್ಪಂಗೆ, ಅಣ್ಣಂಗೆ." ಗುಬ್ಬಿ ಸಣ್ಣಗೆ ನಕ್ಕಳು. "ನಂಗೆ ನೆಣಾನೇ ಇಷ್ಟ, ಡಾಕ್ಟರಮ್ಮ."

ತಾಯಿ ಬೆಚ್ಚಿದಳು. ಆ ಮಾತು ಅವಳದ್ದು. ಮದುವೆಯಾಗಿ ಬಂದ ಹೊಸತರಲ್ಲಿ, ಅತ್ತೆ ಬಡಿಸುತ್ತಿದ್ದಾಗ ತಟ್ಟೆಯಲ್ಲಿ ಕೆಂಪು ಕಾಣದೆ ಕಣ್ಣು ತುಂಬಿ, ಯಾರಿಗೂ ತಿಳಿಯದಿರಲೆಂದು ಅವಳೇ ಆಡಿದ ಸುಳ್ಳು ಅದು. ವರುಷಗಟ್ಟಲೆ ಆಡಿ ಆಡಿ ನಿಜದಂತಾಗಿತ್ತು. ಈಗ ಅದೇ ಸುಳ್ಳು, ಅದೇ ರಾಗದಲ್ಲಿ, ಅದೇ ಸಣ್ಣ ನಗುವಿನೊಂದಿಗೆ ಮಗಳ ಬಾಯಲ್ಲಿ.

"ನೋಡಿ," ಡಾಕ್ಟರಮ್ಮ ತಾಯಿಯತ್ತ ತಿರುಗಿದರು. "ನೆಣ ಅಂದ್ರೆ ಬರೀ ಕೊಬ್ಬು, ಹೊಟ್ಟೆ ತುಂಬತ್ತೆ, ರಕ್ತ ತುಂಬಲ್ಲ. ನೆಣ ತೆಗೆದ ಕೆಂಪಿನಲ್ಲಿ ಒಳ್ಳೆ ಪ್ರೋಟೀನ್ ಇದೆ, ಮೈಗೆ ಹತ್ತೋ ಕಬ್ಬಿಣ ಒಂದಿಷ್ಟಿದೆ, ರಕ್ತಕ್ಕೆ ಬೇಕಾದ ವಿಟಮಿನ್ ಇದೆ. ಹಾಗಂತ ಅದೇ ಅಮೃತ ಅಂತಲ್ಲ. ಉಪ್ಪು ತುಂಬಾ ಇರತ್ತೆ, ತೆಳ್ಳಗೆ ಕೊಯ್ದ ಒಂದೆರಡು ಹೋಳು ಸಾಕು. ಜೊತೆಗೆ ಮೊಟ್ಟೆ, ಬೇಳೆ, ಸೊಪ್ಪು, ಹಣ್ಣು ಎಲ್ಲಾ ಬೇಕು. ಮಾತ್ರೆ ಬರೆದುಕೊಡ್ತೀನಿ. ಆದರೆ ತಟ್ಟೆ ಹೀಗೇ ಇದ್ದರೆ ಮಾತ್ರೆ ಏನು ಮಾಡತ್ತೆ? ಆಸ್ಪತ್ರೆಗೆ ಸೇರಿಸಿ ರಕ್ತ ಏರಿಸಬೇಕಾಗತ್ತೆ." ಹಾಗೆನ್ನುತ್ತಲೇ ಅವರು ಕೈ ಚಾಚಿ ತಾಯಿಯ ರೆಪ್ಪೆಯನ್ನೂ ಎಳೆದು ನೋಡಿದರು. "ನೀವೂ ಕೂತ್ಕೊಳ್ಳಿ. ನಿಮ್ಮದೂ ಅದೇ ಕಥೆ."

ಮಧ್ಯಾಹ್ನ ಗಂಡಸರು ಊಟಕ್ಕೆ ಕುಳಿತಾಗ ತಾಯಿ ತಟ್ಟೆಗಳನ್ನು ತಂದಿಟ್ಟಳು. ಗಂಡನ ಮುಂದೆ ನೆಣ, ಚರ್ಮ, ಆಲೂಗಡ್ಡೆ. ಮಗನ ಮುಂದೆ ನೆಣ, ಚರ್ಮ, ಆಲೂಗಡ್ಡೆ.

ಮಗ ಮುಳ್ಳುಚಮಚದಿಂದ ಬಿಳಿ ತುಂಡೊಂದನ್ನು ಎತ್ತಿ ಬೆಳಕಿಗೆ ಹಿಡಿದ. "ಇದೇನಮ್ಮ, ಮೇಣದ ಬತ್ತಿನಾ? ನನ್ನ ತೋಳಿಗೆ ಪ್ರೋಟೀನ್ ಬೇಕು. ಇದನ್ನ ತಿಂದ್ರೆ ದೇಹದಾರ್ಢ್ಯ ಸ್ಪರ್ಧೆಗೆ ಹೊಟ್ಟೆ ಹೊತ್ಕೊಂಡು ಹೋಗಬೇಕಾಗತ್ತೆ."

"ನಿನ್ನ ತಂಗಿ ಇಷ್ಟು ವರ್ಷ ತಿಂದಿದ್ದು ಇದನ್ನೇ. ತಿನ್ನು."

"ಬೇಡ ಅಂತ ಅವಳೇ ಹೇಳ್ತಾಳಲ್ಲ! ಗುಬ್ಬಿ ತಿನ್ನೋದೇ ಅಷ್ಟು."

"ಹಾಕಿದಷ್ಟನ್ನ ತಾನೆ ಗುಬ್ಬಿ ತಿನ್ನೋದು?"

ಯಜಮಾನ ಚಮಚ ಕೆಳಗಿಟ್ಟ. "ಬಿದ್ದಳು ಅಂತ ನನಗೂ ಸಂಕಟ ಆಗಿದೆ ಕಣೆ. ಆ ಗಾಬರಿಲಿ ಕೈಗೆ ಸಿಕ್ಕಿದ್ದನ್ನ ಎತ್ತಿದೆ. ಅದಕ್ಕೆ ಊಟದಲ್ಲಿ ಸೇಡು ತೀರಿಸ್ಕೊಳ್ತೀಯಾ? ಹೊರೋ ಕೆಲಸ, ಎಳೆಯೋ ಕೆಲಸ ಗಂಡಸರದ್ದು, ಶಕ್ತಿ ಬೇಕು ಅಂತ ನಮ್ಮಪ್ಪನೂ ಹೀಗೇ ಹಂಚ್ತಿದ್ದ. ನಾನೇನು ಹೊಸದಾಗಿ ಕಂಡುಹಿಡಿದಿದ್ದಲ್ಲ. ಮಗಳಿಗೆ ಕೊಡಬೇಡ ಅಂತ ನಾನು ಯಾವತ್ತಾದ್ರೂ ಅಂದಿದೀನಾ?"

"ಅನ್ನಲಿಲ್ಲ. ಬಡಿಸಿದವಳು ನಾನೇ, ಈ ಕೈಗೆ ಬೆಂಕಿ ಬೀಳಲಿ! ಆದರೆ ಇವತ್ತು ಹೊತ್ತುಕೊಂಡು ಬಿದ್ದವಳು ಯಾರು ರೀ? ನಿಮ್ಮ ಪೈಲ್ವಾನನಾ?"

ಮಗ ತಲೆ ತಗ್ಗಿಸಿದ. ಒಳಗಿನ ಮಂಚದಿಂದ ಗುಬ್ಬಿಯ ದನಿ ಬಂತು. "ಬಿಡಮ್ಮ, ಜಗಳ ಯಾಕೆ? ನಂಗೆ ನೆಣಾನೇ..."

"ಬಾಯ್ಮುಚ್ಚು! ಆ ಮಾತು ಇನ್ನು ಈ ಮನೇಲಿ ಯಾರೂ ಆಡಕೂಡದು!"

ಗೋಡೆಯ ಮೇಲಿನ ಚಾಕುಗಳು ಕೂಡ ಕೇಳಿಸಿಕೊಂಡವೇನೋ ಅನ್ನುವಷ್ಟು ಜೋರಾಗಿತ್ತು ಆ ಮಾತು. ಎಂದೂ ದನಿ ಎತ್ತದ ಹೆಂಗಸು ಅವಳು. ಈಗ ಗಂಡನತ್ತ ತಿರುಗಿದಳು.

"ನಿಮ್ಮಪ್ಪನ ಮಾತು ಎತ್ತಿದಿರಲ್ಲ. ಹೊಸ ತೊಡೆ ಕೊಯ್ಯೋ ದಿನ, ಅದಕ್ಕೆ ಉಪ್ಪು ತಿಕ್ಕಿದವರ ಕೈಗೆ ನಡುವಿನ ಮೊದಲ ಹೋಳು ಕೊಡ್ತಿದ್ದರು ಅವರು. ಆಗ ತಿಕ್ಕುತ್ತಿದ್ದದ್ದು ಗಂಡಸರು. ಆಮೇಲೆ ಉಪ್ಪಿನ ಮೇಜು ನನ್ನ ಪಾಲಿಗೆ ಬಂತು, ಮಗಳ ಪಾಲಿಗೆ ಬಂತು. ಕೆಲಸ ನಮ್ಮ ಕಡೆ ಬಂತಲ್ಲ, ಹೋಳು ಯಾಕೆ ಬರಲಿಲ್ಲ? ದಾರೀಲಿ ಯಾರು ತಿಂದ್ಕೊಂಡರು?" ಅವಳು ಒಳಗಿನ ಮಂಚದತ್ತ ಕೈ ತೋರಿಸಿದಳು. "ಮೂಲೇಲಿ ತೂಗೋ ತೊಡೆ ಒಂಚೂರು ಬಣ್ಣ ಕಳಕೊಂಡ್ರೆ ಬಾಗಿಲಲ್ಲಿ ನಿಂತೇ ಹೇಳ್ತೀರಿ. ಎದುರಿಗೆ ಓಡಾಡೋ ಮಗಳ ಮುಖ ಬಿಳಿಚಿದ್ದು ನಿಮಗೆ ಕಾಣಲಿಲ್ಲ!"

ಯಜಮಾನ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದ. ತಟ್ಟೆ ಹಾಗೇ ಉಳಿಯಿತು.

ಆ ದಿನ ಹಸಿ ತೊಡೆಗಳು ಬಂದಿದ್ದವು. ಮಗಳು ಮಲಗಿದ್ದಾಳೆ, ಹೆಂಡತಿ ಅವಳ ಪಕ್ಕ ಬಿಟ್ಟು ಏಳುತ್ತಿಲ್ಲ. ಉಪ್ಪು ತಿಕ್ಕದಿದ್ದರೆ ಹಸಿ ಮಾಂಸ ಕೆಡುತ್ತದೆ. ಸಂಜೆಯ ಹೊತ್ತಿಗೆ ತಾಯಿ ನೀರು ತರಲು ಹಿಂದಿನ ಕೋಣೆಗೆ ಹೋದಾಗ, ಯಜಮಾನ ಅಂಗಿಯ ತೋಳು ಮಡಿಸಿ ಉಪ್ಪಿನ ಮೇಜಿನ ಮುಂದೆ ನಿಂತಿದ್ದ. ಆ ಮೇಜು ಮುಟ್ಟದೆ ಅವನಿಗೆ ಎಷ್ಟೋ ಕಾಲವಾಗಿತ್ತು. ತಣ್ಣನೆಯ ಮಾಂಸವನ್ನು ಒತ್ತಿ ತಿಕ್ಕಿ, ಮಗುಚಿ, ಮತ್ತೆ ತಿಕ್ಕುತ್ತಿದ್ದ. ಬೆರಳಿನ ಸಂದಿಯಲ್ಲಿ ಚರ್ಮ ಸೀಳಿ, ಸೀಳಿದಲ್ಲಿ ಉಪ್ಪು ಹೊಕ್ಕಿತ್ತು. ಅವನು ಕೈಯನ್ನು ಬಾಯ ಹತ್ತಿರ ತಂದು ಊದಿಕೊಂಡ. ಬಾಗಿಲಲ್ಲಿ ಹೆಂಡತಿಯನ್ನು ಕಂಡು ಕೈ ಕೆಳಗಿಳಿಸಿದ.

ಅವಳು ಸಮಾಧಾನ ಹೇಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ಬಿಡಿಸಿ ಅವನ ಮುಂದೆ ಹಿಡಿದಳು. ಒಣಗಿದ ಕೆರೆಯ ತಳದಂತಿದ್ದ ಆ ಅಂಗೈಗಳನ್ನು ಅವನು ತುಂಬಾ ಹೊತ್ತು ನೋಡಿದ. ಅವಳು ಕೊಡ ತುಂಬಿಸಿಕೊಂಡು ಹೊರಟುಹೋದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆ ರಾತ್ರಿ ಪ್ರಾರ್ಥನೆಗೆ ಕುಳಿತಾಗಲೂ, ಈ ಸಿಟ್ಟನ್ನು ತೆಗೆದುಬಿಡು ಎಂದು ಅವಳು ದೇವರನ್ನು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಯಜಮಾನ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಬಂದ. ಹೆಗಲ ಮೇಲೆ ನಿನ್ನೆ ಬಿದ್ದಿದ್ದ ಅದೇ ತೊಡೆ. ಅಡುಗೆಮನೆಯ ಮೇಜಿನ ಮೇಲೆ ಅದನ್ನು ನಿಲ್ಲಿಸಿ, ಉದ್ದ ಚಾಕು ಮಸೆದ. ಗುಬ್ಬಿ ಗೋಡೆಗೊರಗಿ ಕುಳಿತಿದ್ದಳು.

"ಅಪ್ಪ, ಅದು ಹೋಟೆಲಿನವರದ್ದಲ್ವಾ?" ಅಂದ ಮಗ.

"ಅವರಿಗೆ ಬೇರೆ ಕಳಿಸಿದೆ."

ಮೇಲಿನ ಚರ್ಮ ತೆಗೆದ, ನೆಣ ಸವರಿ ಪಕ್ಕಕ್ಕಿಟ್ಟ. ಆಳದಲ್ಲಿ ಕೆಂಪು ತೆರೆದುಕೊಂಡಿತು, ಕೋಣೆಯಲ್ಲಿ ಪರಿಮಳ ಹರಡಿತು. ನಡುವಿನಿಂದ ಎಲೆಯಷ್ಟು ತೆಳ್ಳಗಿನ ಮೊದಲ ಹೋಳನ್ನು ಕೊಯ್ದು ಮಗಳ ತಟ್ಟೆಯಲ್ಲಿ ಹಾಸಿದ. ಅವಳು ಅಣ್ಣನ ಮುಖ ನೋಡಿದಳು. ಅಣ್ಣ ಬೇಯಿಸಿದ ಮೊಟ್ಟೆಯೊಂದನ್ನು ಸುಲಿದು ಆ ಹೋಳಿನ ಪಕ್ಕಕ್ಕಿಟ್ಟ. "ತಿನ್ನೇ," ಅಂದ, "ನಿನ್ನನ್ನ ಹೊತ್ಕೊಂಡು ಓಡೋದು ಬಹಳ ಸುಲಭ ಆಗಿಬಿಟ್ಟಿದೆ, ನಂಗೆ ವ್ಯಾಯಾಮವೇ ಆಗ್ತಿಲ್ಲ."

ಯಜಮಾನ ಮತ್ತೆ ಚಾಕು ಎಳೆದ. ಅದೇ ನಡುವಿನ ಭಾಗ, ಅಷ್ಟೇ ತೆಳ್ಳಗೆ. ಆ ಹೋಳನ್ನು ಬಟ್ಟೆ ಸುತ್ತಿದ ಬೆರಳುಗಳಲ್ಲಿ ಹಿಡಿದು ಹೆಂಡತಿಯ ಮುಂದೆ ಚಾಚಿದ. ಕಣ್ಣು ಎತ್ತಲಿಲ್ಲ.

ಹಳೆಯ ಮಾತು ಅಭ್ಯಾಸಬಲದಿಂದ ಅವಳ ನಾಲಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡು, ಕೈ ಚಾಚಿ, ತನ್ನ ಹೋಳನ್ನು ತೆಗೆದುಕೊಂಡಳು.