ಹೂ, ಹೂಂ, ಊಹೂಂ

1

ಈ ಕಥೆ ಹೂವಿನಿಂದಲೇ ಶುರುವಾಗಬೇಕಂತೆ. ನನ್ನ ಆಸೆಯಲ್ಲ, ಒಂದು ಸಂಘದ ಕಾರ್ಯದರ್ಶಿಗಳ ಅಪ್ಪಣೆ. "ಸರ್, ಮೊದಲನೇ ಸಾಲಲ್ಲೇ ಹೂ ಅರಳಬೇಕು, ಕೊನೇ ಸಾಲಲ್ಲಿ ಎಲ್ಲರ ಕಣ್ಣಲ್ಲೂ ನೀರು ಬರಬೇಕು. ಮಧ್ಯದಲ್ಲಿ ನೀವು ಏನು ಬೇಕಾದ್ರೂ ಬರ್ಕೊಳ್ಳಿ" ಎಂದು ಫೋನಿನಲ್ಲಿ ಹೇಳಿದ್ದಾರೆ. ಲೇಖಕನಿಗೆ ಇಷ್ಟು ಸ್ವಾತಂತ್ರ್ಯ ಯಾವ ಕಾಲದಲ್ಲಿ ಸಿಕ್ಕಿತ್ತು ಹೇಳಿ.

ಸರಿ, ಶುರು. "ಜೀವನವೆಂಬ ಉದ್ಯಾನದಲ್ಲಿ ಒಂದು ಕೆಂಪು ಟುಲಿಪ್ ಅರಳಿ ನಿಂತಿತ್ತು."

(ಅಯ್ಯೋ, ಬೇಡ. ಜೀವನವನ್ನು ಉದ್ಯಾನ ಅಂದವನ ಕೈಯಿಂದ ಪೆನ್ನು ಕಿತ್ತುಕೊಂಡು ಗುದ್ದಲಿ ಕೊಡಬೇಕು.)

1, ಮತ್ತೊಮ್ಮೆ

ಹೂವು ಸ್ವಲ್ಪ ಹೊತ್ತು ನೀರಿನಲ್ಲಿರಲಿ. ಮೊದಲು ಯಾರು ಯಾರೆಂದು ಹೇಳಿಬಿಡುತ್ತೇನೆ. ಆಧುನಿಕೋತ್ತರ ಕಥೆ ಅಂದಮೇಲೆ ಓದುಗರಿಗೆ ತಲೆಬುಡ ಸಿಗಬಾರದು ಅಂತ ಒಂದು ಶಾಸ್ತ್ರವಿದೆಯಂತೆ. ನಾನು ಅಷ್ಟು ಓದಿದವನಲ್ಲ.

ನನ್ನ ಅತ್ತಿಗೆಗೆ ಪಾರ್ಕಿನ್ಸನ್ ಕಾಯಿಲೆ. ಒಂದು ಕಾಲದಲ್ಲಿ ಅವರು ಹೈಸ್ಕೂಲಿನ ಡ್ರಿಲ್ ಟೀಚರು. "ಅಟೆನ್ಷನ್!" ಅಂದರೆ ಮಕ್ಕಳಿರಲಿ, ಮೈದಾನದಾಚೆ ಬಸ್ಸಿಗೆ ಕಾಯುತ್ತಿದ್ದವರೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಈಗ ಆ ಗಂಟಲು ಪಿಸುಮಾತಿಗೆ ಇಳಿದಿದೆ. ಕುತ್ತಿಗೆ ಬಿಗಿ, ಮುಖದ ಸ್ನಾಯುಗಳೂ ಬಿಗಿ; ಒಳಗೆ ಹೊಟ್ಟೆ ಹಿಡಿದು ನಗುತ್ತಿದ್ದರೂ ಹೊರಗೆ ನೋಟೀಸ್ ಬೋರ್ಡಿನ ಮುಖ. ಕೈ ಮಾತ್ರ ನಡುಗುವುದಿಲ್ಲ. ನೋಡಲು ಬಂದವರಿಗೆ ಇದರಿಂದ ಬಹಳ ನಿರಾಸೆಯಾಗುತ್ತದೆ. "ಕೈ ನಡುಗ್ತಿಲ್ವಲ್ಲ, ಹಾಗಾದ್ರೆ ನಿಮ್ಮದು ಅಂಥದ್ದೇನಲ್ಲ ಬಿಡಿ" ಎಂದು ಸರ್ಟಿಫಿಕೇಟ್ ಕೊಟ್ಟು, ಟೀ ಕುಡಿದು ಎದ್ದುಹೋಗುತ್ತಾರೆ.

ಅವರ ಗಂಡ, ಅಂದರೆ ನನ್ನ ಅಣ್ಣ, ಕನ್ನಡಕದ ಅಂಗಡಿ ಇಟ್ಟುಕೊಂಡವನು. ಒಳ್ಳೆಯವನು. ಎಷ್ಟು ಒಳ್ಳೆಯವನು ಅಂದರೆ ಅತ್ತಿಗೆಯನ್ನು ಯಾರು ಏನು ಕೇಳಿದರೂ ಉತ್ತರ ಇವನದೇ.

"ಹೇಗಿದ್ದೀರಿ?"

"ಚೆನ್ನಾಗಿದ್ದಾಳೆ."

"ಟೀಗೆ ಸಕ್ಕರೆ ಹಾಕ್ಲಾ?"

"ಅವಳು ಹಾಕ್ಕೊಳ್ಳಲ್ಲ."

(ಹಾಕಿಕೊಳ್ಳುತ್ತಾರೆ. ಎರಡು ಚಮಚ.)

2

ಈಗ ಹೂವಿನ ವಿಷಯ. ಈ ಕಾಯಿಲೆಯವರದೂ ಅವರ ಮನೆಯವರದೂ ಒಂದು ಸಂಘವಿದೆ. ಫಿಸಿಯೋಥೆರಪಿ ಕ್ಲಿನಿಕ್ಕಿನ ದೊಡ್ಡ ಕೋಣೆಯಲ್ಲಿ, ವ್ಯಾಯಾಮದ ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿಟ್ಟು, ಕುರ್ಚಿ ಹಾಕಿಕೊಂಡು ಸಭೆ ಸೇರುತ್ತಾರೆ. ಕಾರ್ಯದರ್ಶಿಗಳು ವಿಮಾ ಆಫೀಸಿನಿಂದ ನಿವೃತ್ತರಾದವರು. ಅವರ ತಾಯಿ ಇದೇ ಕಾಯಿಲೆಯಲ್ಲಿ ಹೋದರಂತೆ. ಪುಣ್ಯಾತ್ಮ ಅಂದಿನಿಂದ ಇದಕ್ಕಾಗಿ ಓಡಾಡುತ್ತಲೇ ಇದ್ದಾರೆ. ಆದ್ದರಿಂದ ಅವರನ್ನು ಹೆಚ್ಚು ಗೇಲಿ ಮಾಡುವಂತಿಲ್ಲ. ಸ್ವಲ್ಪ ಮಾಡುತ್ತೇನೆ.

"ಒಂದೊಂದು ಸಂಘದವರು ಒಂದೊಂದು ಚಿಹ್ನೆ ಇಟ್ಕೊಂಡ್ರೆ ಜನಕ್ಕೆ ಯಾವುದೂ ನೆನಪಿರಲ್ಲ. ನಮಗೆಲ್ಲ ಸೇರಿ ಒಂದೇ ಹೂ ಬೇಕು" ಎಂದು ಅವರು ಮಾತು ತೆಗೆದರು. ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಚರ್ಚೆ ಉದ್ದವಾಯಿತು. ಗುಲಾಬಿಯನ್ನು ಪ್ರೇಮಿಗಳು ಆಗಲೇ ಬುಕ್ ಮಾಡಿಬಿಟ್ಟಿದ್ದಾರೆ. ಸೂರ್ಯಕಾಂತಿ ನೋಡಿದರೆ ಅಡುಗೆ ಎಣ್ಣೆಯ ಪ್ಯಾಕೆಟ್ಟು ನೆನಪಾಗುತ್ತದೆ. ಕಿಟಕಿ ಪಕ್ಕದ ವಯಸ್ಸಾದವರೊಬ್ಬರು, "ಮುಟ್ಟಿದರೆ ಮುನಿ ಇಡೋಣ. ನಮ್ಮ ಹಾಗೇ ಇದ್ದಕ್ಕಿದ್ದಂತೆ ಮುದುರ್ಕೊಂಡು ನಿಂತುಬಿಡುತ್ತೆ" ಅಂದರು. ಎಲ್ಲರೂ ನಕ್ಕರು. ಯಾರ ಮುಖದಲ್ಲೂ ಕಾಣಲಿಲ್ಲ.

ಕೊನೆಗೆ ಟುಲಿಪ್. ಎಲ್ಲೋ ದೂರದಲ್ಲಿ ಹೂ ಬೆಳೆಸುವ ಒಬ್ಬಾತ, ತನಗೂ ಇದೇ ಕಾಯಿಲೆ ಇದ್ದವನು, ಹೊಸ ತಳಿಯ ಟುಲಿಪ್ ಬೆಳೆಸಿ ಈ ಕಾಯಿಲೆಯನ್ನು ಮೊದಲು ವಿವರಿಸಿದ ವೈದ್ಯನ ಹೆಸರಿಟ್ಟನಂತೆ. ಈಗ ಜಗತ್ತಿನ ಎಷ್ಟೋ ಸಂಘಗಳಿಗೆ ಅದೇ ಗುರುತು. (ನರಳಿದವನು ಬೆಳೆಸಿದ, ಹೆಸರು ಡಾಕ್ಟರಿಗೆ ಹೋಯಿತು. ಇರಲಿ, ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಗುತ್ತದೆ ಅಂತ ಕೇಳಿದ್ದೆ. ಇಲ್ಲಿ ನಾರು ಮುಂದೆ ಹೋಗಿದೆ.) ಒಪ್ಪಿಗೆ ಇದ್ದವರು ಕೈ ಎತ್ತಬೇಕು ಅಂದರು. ಎತ್ತಿದ ಕೈ ಯಾವುದು, ತಾನಾಗಿಯೇ ಎದ್ದ ಕೈ ಯಾವುದು ಎಂದು ಎಣಿಸುವವರಿಗೆ ತಿಳಿಯಲಿಲ್ಲ. ಸರ್ವಾನುಮತ ಎಂದು ಬರೆದುಕೊಂಡರು.

ಆಮೇಲೆ ಬ್ಯಾಡ್ಜಿನ ಮಾದರಿ ಬಂತು. ಬಟ್ಟೆಯ ಕೆಂಪು ಟುಲಿಪ್, ಹಿಂದೆ ಪುಟಾಣಿ ಸೇಫ್ಟಿ ಪಿನ್. ಅಂಗಿಯ ಗುಂಡಿ ಹಾಕಿಕೊಳ್ಳಲು ಅರ್ಧ ಬೆಳಗು ಕಳೆಯುವವರಿಗೆ ಸೇಫ್ಟಿ ಪಿನ್! ಯಾವ ಮಹಾನುಭಾವನ ಐಡಿಯಾವೋ. ಅತ್ತಿಗೆ ಏನೋ ಅಂದರು. ಬಹುಶಃ ಇದನ್ನೇ ಅಂದಿರಬೇಕು. ಯಾರಿಗೂ ಕೇಳಿಸಲಿಲ್ಲ.

ಕಾರ್ಯದರ್ಶಿಗಳು ಅವರ ಮುಂದೆ ಬಂದು ಬಗ್ಗಿ, ಕಿವುಡರೊಡನೆ ಮಾತಾಡುವವರಂತೆ ಗಟ್ಟಿಯಾಗಿ ಹೇಳಿದರು: "ಟೀಚರ್, ಬ್ಯಾಡ್ಜಿನ ಉದ್ಘಾಟನೆ ದಿನ ಮೊದಲನೇ ಹೂ ನಿಮಗೇ. ನಿಮ್ಮ ಅನುಭವಾನ ನಿಮ್ಮ ಮೈದುನ ಕಥೆ ಥರ ಬರೀತಾರೆ, ಯಜಮಾನ್ರು ಓದ್ತಾರೆ. ನೀವು ಸುಮ್ನೆ ಹೂ ಹಿಡ್ಕೊಂಡು ನಿಂತಿದ್ರೆ ಸಾಕು. ಆಗಬಹುದಾ?"

ಅತ್ತಿಗೆ "ಊಹೂಂ" ಅಂದರು.

'ಊ' ತುಟಿಯೊಳಗೇ ಉಳಿಯಿತು. ಹೊರಗೆ ಬಂದದ್ದು 'ಹೂಂ' ಮಾತ್ರ.

"ಹೂಂ ಅಂದ್ರು!" ಎಂದರು ಕಾರ್ಯದರ್ಶಿಗಳು. ಚಪ್ಪಾಳೆ. ಪಕ್ಕದ ಕುರ್ಚಿಯ ಹೆಂಗಸು, "ಅಲ್ಲ, ಹೂ ಕೇಳ್ತಿದ್ದಾರೆ, ಕೊಡಿ ಪಾಪ" ಎಂದು ಆ ಬಟ್ಟೆ ಹೂವನ್ನು ಅತ್ತಿಗೆಯ ಕೈಗೆ ತುರುಕಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಇಲ್ಲಿ ಎತ್ತು ತಾನು ಈದಿಲ್ಲ ಅಂತ ಹೇಳುತ್ತಲೇ ಇತ್ತು.

(ಹೌದು ಮತ್ತು ಇಲ್ಲದ ನಡುವೆ ಒಂದೇ ಒಂದು 'ಊ' ಇಟ್ಟುಕೊಂಡ ಭಾಷೆ ನಮ್ಮದು. ಗಟ್ಟಿ ಗಂಟಲಿನವರು ಕೂತು ಮಾಡಿದ ವ್ಯವಸ್ಥೆ ಇರಬೇಕು.)

4

(ಮೂರನೇ ಭಾಗದಲ್ಲಿ ನಾನು ಬರೆದ 'ಸ್ಫೂರ್ತಿದಾಯಕ' ಕರಡು ಇತ್ತು. ಓದಿದರೆ ನಿಮಗೂ ಕಾಯಿಲೆ ಬರುತ್ತದೆ.)

ಆ ಕರಡನ್ನು ಅತ್ತಿಗೆಗೆ ಓದಿ ಹೇಳಿದೆ. ಅವರು ಮಾತಾಡುವಾಗ ಕಿವಿಯನ್ನು ಹತ್ತಿರ ಒಯ್ಯಬೇಕು, ಒಯ್ದೆ.

"ಇದ್ಯಾರೋ ಮಾತಾಡ್ತಿರೋದು?"

"ನೀವೇ ಅತ್ತಿಗೆ."

"ನಾನಾ? 'ನೋವಿನ ಮುಳ್ಳುಗಳ ನಡುವೆ ನಗುವ ಟುಲಿಪ್ ನಾನು' ಅಂತ ನಾನು ಯಾವತ್ತು ಅಂದೆ? ಟುಲಿಪ್ಪಿಗೆ ಮುಳ್ಳೇ ಇರಲ್ಲ ಕಣೋ."

"ಅದು ಪ್ರತಿಮೆ, ಅತ್ತಿಗೆ."

"ಪ್ರತಿಮೆ ಬೇಕಿದ್ರೆ ಪಾರ್ಕಲ್ಲಿ ನಿಲ್ಲಿಸಿದ್ದಾರೆ, ಹೋಗಿ ನೋಡು."

"ನೀವೇ ಹೂಂ ಅಂದ್ರಲ್ಲ ಸಭೇಲಿ?"

"ಊಹೂಂ ಅಂದೆ."

ನಾನು ಕಾಗದ ಕೆಳಗಿಟ್ಟೆ. ಅತ್ತಿಗೆ ಉಸಿರು ತೆಗೆದುಕೊಂಡು, ನಿಲ್ಲಿಸಿ ನಿಲ್ಲಿಸಿ ಹೇಳಿದರು. "ಹೂವಿನ ಮೇಲೆ ನನಗೇನು ಸಿಟ್ಟು? ಚೆನ್ನಾಗಿದೆ ಹೂ. ಎಲ್ಲರಿಗೂ ಒಂದೇ ಇರಲಿ. ಮಾತು ಮಾತ್ರ ನಾನೇ ಆಡ್ತೀನಿ. ನಾನು ಕಣ್ಣೆದುರೇ ಇರೋವಾಗ ನನ್ನ ಬಗ್ಗೆ ಇನ್ನೊಬ್ಬರು ನಿಂತ್ಕೊಂಡು ಓದಿದ್ರೆ ಅದು ಸಂತಾಪ ಸಭೆ ಆಗುತ್ತೆ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅಣ್ಣನಿಗೆ ಹೋಗಿ ಹೇಳಿದೆ. ಅವನು ನಲ್ಲಿ ನಿಲ್ಲಿಸಲಿಲ್ಲ. ನೀರಿನ ಸದ್ದಿನ ಮರೆಯಲ್ಲೇ ಹೇಳಿದ: "ನಿನಗೆ ಗೊತ್ತಾಗಲ್ಲ ಸುಮ್ನಿರು. ಅವಳು ಮೈಕ್ ಹಿಡೀತಾಳೆ, ಹಿಂದಿನ ಸಾಲಿಂದ ಯಾವನೋ ಒಬ್ಬ 'ಕೇಳಿಸ್ತಿಲ್ಲ' ಅಂತ ಕೂಗ್ತಾನೆ. ಇಡೀ ಮೈದಾನ ನಡುಗಿಸಿದವಳು ಅವಳು. ಹೂ ಮಾರಿದ ಊರಲ್ಲಿ ಹುಲ್ಲು ಮಾರಿಸೋಕೆ ನನಗೆ ಇಷ್ಟ ಇಲ್ಲ."

"ಅತ್ತಿಗೆಗೆ ಇಷ್ಟ ಇದ್ಯಲ್ಲ?"

"ಅವಳಿಗೆ ಸುಸ್ತಾಗುತ್ತೆ" ಅಂದ. ಇದು ಯಾವ ಪ್ರಶ್ನೆಗೂ ಹೊಂದುವ ಉತ್ತರ. ಅವನ ಕಣ್ಣು ಕೆಂಪಗಾಗಿತ್ತು, ಸೋಪಿನಿಂದ ಅಂತ ಇಬ್ಬರೂ ಒಪ್ಪಿಕೊಂಡೆವು.

5

ಓದುಗರೇ, ಈಗ ನನ್ನ ಪಾಡು ನೋಡಿ. ಕಾರ್ಯದರ್ಶಿಗಳಿಗೆ ಕಣ್ಣೀರು ಬೇಕು, ಅಣ್ಣನಿಗೆ ಮರ್ಯಾದೆ ಉಳಿಯಬೇಕು, ಅತ್ತಿಗೆಗೆ ಮೈಕ್ ಬೇಕು. ನಾನು ಮೂರು ಮುಕ್ತಾಯ ಬರೆದು ಅತ್ತಿಗೆಯ ಮುಂದಿಟ್ಟೆ. ಪಾತ್ರವನ್ನು ಕೇಳಿ ಕಥೆ ಮುಗಿಸುವ ಲೇಖಕ ಉದ್ಧಾರವಾಗುವುದಿಲ್ಲ, ಗೊತ್ತು.

ಮುಕ್ತಾಯ ಅ: ಅತ್ತಿಗೆ ಮೈಕ್ ಹಿಡಿಯುತ್ತಾರೆ. ಎಲ್ಲಿಂದಲೋ ಹಳೆಯ ದನಿ ನುಗ್ಗಿಬರುತ್ತದೆ. ಸಭಾಂಗಣ ಎದ್ದು ನಿಲ್ಲುತ್ತದೆ.

"ಮಾತ್ರೆ ಕಂಪನಿಯವರು ಜಾಹೀರಾತಿಗೆ ಕೇಳ್ತಾರೆ, ಕೊಡಬೇಡ" ಅಂದರು.

ಮುಕ್ತಾಯ ಆ: ಅಣ್ಣ ಓದುತ್ತಾನೆ. ಓದುತ್ತ ಓದುತ್ತ ಗಂಟಲು ಕಟ್ಟುತ್ತದೆ. ಎಲ್ಲರೂ ಅಳುತ್ತಾರೆ.

"ನಾನೆಲ್ಲಿದ್ದೀನಿ?"

"ಹೂ ಹಿಡ್ಕೊಂಡು ನಿಂತಿದ್ದೀರಿ."

"ಅಷ್ಟಕ್ಕೆ ಹೂಕುಂಡ ಸಾಕಲ್ವೇನೋ?"

ಮುಕ್ತಾಯ ಇ: ಅತ್ತಿಗೆಯ ಪಿಸುಮಾತು ಕೇಳಲೆಂದು ಹಿಂದಿನ ಸಾಲುಗಳವರು ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಮುಂದೆ ಬರುತ್ತಾರೆ. ಇದು ನನಗೆ ತುಂಬ ಹಿಡಿಸಿತ್ತು. ಇದಕ್ಕೊಂದು ಬಹುಮಾನ ಬರಬಹುದು ಅಂತಲೂ ಅನ್ನಿಸಿತ್ತು.

"ಯಾರ ಕಿವಿಗೆ ಹೂ ಇಡ್ತೀಯೋ? ಜನ ಕುರ್ಚಿ ಬಿಟ್ಟು ಏಳೋದು ಊಟಕ್ಕೆ ಮಾತ್ರ."

"ಹಾಗಾದ್ರೆ ಏನು ಬರೀಲಿ, ನೀವೇ ಹೇಳಿ!" ರೇಗಿಬಿಟ್ಟೆ. ಕಾಯಿಲೆಯವರ ಮೇಲೆ ರೇಗಬಾರದು ಎಂದು ಸಂಘದ ಕರಪತ್ರದಲ್ಲೇ ಇದೆ. ಅತ್ತಿಗೆಗೆ ಮಾತ್ರ ಬಹಳ ಖುಷಿಯಾದಂತಿತ್ತು, ಮುಖ ನೋಡಿ ಹೇಳುವಂತಿರಲಿಲ್ಲ.

"ಬರೀಬೇಡ. ಬಂದು ನೋಡು" ಅಂದರು.

6

ಹೋದೆ. ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತೆ. ಸಮಾರಂಭಗಳಲ್ಲಿ ನಾನು ಯಾವಾಗಲೂ ಅಲ್ಲೇ ಕೂರುವುದು. ಲೇಖಕರಿಗೆ ತಪ್ಪಿಸಿಕೊಳ್ಳುವ ದಾರಿ ಬೇಕು. ಎಲ್ಲರ ಎದೆಯ ಮೇಲೂ ಕೆಂಪು ಟುಲಿಪ್. ಪಿನ್ ಚುಚ್ಚಿಕೊಡಲೆಂದೇ ಕ್ಲಿನಿಕ್ಕಿನ ಇಬ್ಬರು ನರ್ಸುಗಳನ್ನು ಬಾಗಿಲಲ್ಲಿ ನಿಲ್ಲಿಸಿದ್ದರು. ನಿಜ ಹೇಳಬೇಕೆಂದರೆ, ಅಷ್ಟೊಂದು ಎದೆಗಳ ಮೇಲೆ ಒಂದೇ ಹೂ ಕಂಡಾಗ ನನ್ನ ಕುಹಕಕ್ಕೆ ಒಂದು ನಿಮಿಷ ಬಾಯಿ ಬರಲಿಲ್ಲ. ಚೆನ್ನಾಗಿತ್ತು.

ವೇದಿಕೆಯ ಮೆಟ್ಟಿಲ ಮುಂದೆ ಅತ್ತಿಗೆಯ ಕಾಲು ನೆಲಕ್ಕೆ ಅಂಟಿಕೊಂಡಿತು. ಈ ಕಾಯಿಲೆಯಲ್ಲಿ ಹೀಗಾಗುತ್ತದೆ. ಮನಸ್ಸು ನಡೆ ಅಂದರೂ ಪಾದ ಕೇಳುವುದಿಲ್ಲ. ಇಲ್ಲಿ ಡ್ರಿಲ್ ಟೀಚರು ತಮಗೆ ತಾವೇ 'ಲೆಫ್ಟ್, ರೈಟ್' ಹೇಳಿಕೊಂಡರು ಅಂತ ಬರೆದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಅದು ಆಗಲಿಲ್ಲ. ಅಣ್ಣ ತನ್ನ ಬೂಟುಗಾಲನ್ನು ಅವರ ಪಾದದ ಮುಂದೆ ಅಡ್ಡ ಇಟ್ಟ. ದಾಟಲು ಏನಾದರೊಂದು ಸಿಕ್ಕರೆ ಆ ಕಾಲು ಏಳುತ್ತದೆ. ಅತ್ತಿಗೆ ಗಂಡನ ಕಾಲನ್ನು ದಾಟಿ ಮೇಲೆ ಹತ್ತಿದರು. ಮನೆಯಲ್ಲಿ ದಿನವೂ ಹೀಗೇ ಮಾಡುತ್ತಾರಂತೆ, ಯಾರೂ ನನಗೆ ಹೇಳಿರಲಿಲ್ಲ.

ಕಾರ್ಯದರ್ಶಿಗಳು ಅತ್ತಿಗೆಯ ಕೈಗೆ ಹೂ ಕೊಟ್ಟು, ಅಣ್ಣನ ಕೈಗೆ ಮೈಕ್ ಕೊಟ್ಟರು. ಅಣ್ಣ ಜೇಬಿನಿಂದ ನನ್ನ ಅದೇ ಹಳೆಯ ಕರಡನ್ನು ತೆಗೆದು ಬಿಚ್ಚಿದ. ಅತ್ತಿಗೆ ಅವನ ಕಡೆಗೆ ಕೈ ಚಾಚಿದರು. ಅಣ್ಣ ಆ ಕೈಯನ್ನು ನೋಡಿದ, ಸಭೆಯನ್ನು ನೋಡಿದ. ಕೊಡೋ ಮಾರಾಯ ಎಂದು ಬಾಯಿವರೆಗೆ ಬಂತು. ಅತ್ತಿಗೆ ಹೂವನ್ನು ಅಣ್ಣನ ಕೈಗೆ ಕೊಟ್ಟು ಮೈಕ್ ತೆಗೆದುಕೊಂಡರು. ಅಣ್ಣ ಹೂ ಹಿಡಿದು ನಿಂತ.

ಅವರು ಮಾತಾಡಲು ಶುರು ಮಾಡಿದರು. ಮೈಕ್ ದನಿಯನ್ನು ದೊಡ್ಡದು ಮಾಡುತ್ತದೆ. ಇವರಲ್ಲಿ ಇದ್ದದ್ದು ಬರೀ ಉಸಿರು. ಸ್ಪೀಕರಿನಿಂದ ಗಾಳಿ ಬೀಸಿದಂತೆ ಸದ್ದು ಬಂತು. ನನ್ನ ಮುಂದಿನ ಸಾಲಿನ ಪುಣ್ಯಾತ್ಮನೊಬ್ಬ ಕೈ ಎತ್ತಿ, "ಕೇಳಿಸ್ತಿಲ್ಲ!" ಎಂದು ಕೂಗಿಯೇಬಿಟ್ಟ.

ಅಣ್ಣ ಒಂದು ಹೆಜ್ಜೆ ಮುಂದೆ ಇಟ್ಟ. ಬಾಯಿ ತೆರೆದ. ಅತ್ತಿಗೆ ನಿಲ್ಲಿಸಲಿಲ್ಲ, ಅವಸರ ಮಾಡಲಿಲ್ಲ, ಅವನ ಕಡೆ ತಿರುಗಲೂ ಇಲ್ಲ. ಅಣ್ಣ ಬಾಯಿ ಮುಚ್ಚಿಕೊಂಡು ಹಿಂದೆ ಸರಿದ.

ಅತ್ತಿಗೆ ತಮಗೆ ಬೇಕಾದಷ್ಟು ಹೊತ್ತು ಮಾತಾಡಿದರು. ಮುಂದಿನ ಎರಡು ಸಾಲಿನವರಿಗೆ ಕೇಳಿಸಿತು. ಮುಟ್ಟಿದರೆ ಮುನಿಯ ಯಜಮಾನರು ಒಂದು ಹಂತದಲ್ಲಿ ತೊಡೆ ತಟ್ಟಿದರು. ಒಬ್ಬ ಹೆಂಗಸು ಗಂಡನ ಕಡೆ ತಿರುಗಿ ಅವನನ್ನು ಚೆನ್ನಾಗಿ ದಿಟ್ಟಿಸಿದಳು. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡವರು ಮತ್ತೆ ಹಾಕಿಕೊಳ್ಳಲೇ ಇಲ್ಲ.

7

ಏನು ಮಾತಾಡಿದರು ಅಂತೀರಾ? ನನಗೆ ಕೇಳಿಸಲಿಲ್ಲ ಸ್ವಾಮಿ. ಬಾಗಿಲ ಪಕ್ಕ ಫ್ಯಾನಿನ ಸದ್ದು. ನೀವು ಬೈಯುತ್ತೀರಿ, ಬೈಯಿರಿ. ಇಷ್ಟುದ್ದ ಓದಿಸಿ ಮುಖ್ಯವಾದದ್ದನ್ನೇ ಬಿಟ್ಟನಲ್ಲ ಅಂತ ನನಗೂ ನನ್ನ ಮೇಲೆ ಸಿಟ್ಟಿದೆ. ಬೇಕಿದ್ದರೆ ಆ ಭಾಷಣವನ್ನು ನಾನೇ ಹೂ ಎತ್ತಿದಷ್ಟು ಸುಲಭವಾಗಿ ಬರೆದುಬಿಡಬಹುದು. ಎರಡು ಸಲ ಕೂತೆ. ಎರಡು ಸಲವೂ ಅತ್ತಿಗೆಯ ಬಾಯಲ್ಲಿ ನನ್ನ ಮಾತೇ ಬಂತು. ಹರಿದು ಹಾಕಿದೆ.

ಮಾರನೆಯ ದಿನ ಅವರನ್ನೇ ಕೇಳಿದೆ. "ಅತ್ತಿಗೆ, ನಿನ್ನೆ ಏನು ಹೇಳಿದ್ರಿ?"

ಕಿವಿ ಹತ್ತಿರ ಒಯ್ದೆ. "ಮುಂದೆ ಬಂದು ಕೂತ್ಕೋಬೇಕಿತ್ತು" ಅಂದರು. ಮತ್ತೆ ಕೇಳಿದರೂ ಅಷ್ಟೇ.

ಕೊನೆಗೆ ಅಣ್ಣನ ಅಂಗಡಿಗೆ ಹೋದೆ. ಅವನು ಯಾರದೋ ಕನ್ನಡಕದ ಕಾಲಿಗೆ ಸ್ಕ್ರೂ ಹಾಕುತ್ತಿದ್ದ. "ನೀನು ಪಕ್ಕದಲ್ಲೇ ನಿಂತಿದ್ಯಲ್ಲ, ಎಲ್ಲ ಕೇಳಿಸ್ಕೊಂಡಿದ್ದೀಯ. ಅತ್ತಿಗೆ ಏನಂದ್ರು, ನೀನಾದ್ರೂ ಹೇಳೋ" ಅಂದೆ.

ಅಭ್ಯಾಸಬಲ, ಅಣ್ಣನ ಬಾಯಿ ತೆರೆಯಿತು. ಆಮೇಲೆ ಸ್ಕ್ರೂ ಡ್ರೈವರಿನ ಕಡೆ ಕಣ್ಣು ತಗ್ಗಿಸಿ, "ಅವಳನ್ನೇ ಕೇಳು" ಅಂದ.