ಗಪ್ಪಿಗಳ ಶ್ರಾವಣ

ಸೊಳ್ಳೆ ಹುಟ್ಟುವ ನೀರನ್ನು ಹುಡುಕಿಕೊಂಡು ಮನೆ ಮನೆ ತಿರುಗುವ ಮಲೇರಿಯಾ ಖಾತೆಯವನು ನಾನು. ಆಂಟಾಪ್ ಹಿಲ್‌ನ ಒಂದು ಚಾಳಿನ ಹಿಂದಿರುವ ಸಿಮೆಂಟ್ ಟಾಂಕಿಯನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಎಂದು ಎರಡು ಮಳೆಗಾಲ ಬಾಯಿ ಬಡಿದುಕೊಂಡೆ. ಬಟ್ಟೆ ಒಗೆಯಲು ನೀರು ಬೇಕು ಎಂದರು ಚಾಳಿನವರು. ಕೊನೆಗೆ ಸೋತು, ಸೊಳ್ಳೆಮರಿಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ತಂದು ಟಾಂಕಿಗೆ ಬಿಟ್ಟೆ.

ತಿಂಗಳ ನಂತರ ಹೋಗಿ ನೋಡಿದರೆ ಮೀನುಗಳು ದುಂಡಗಾಗಿದ್ದವು. ಸೊಳ್ಳೆಮರಿಗಳೂ ಅವುಗಳ ಮೂತಿಯ ಮುಂದೆಯೇ ಆರಾಮಾಗಿ ಕುಣಿಯುತ್ತಿದ್ದವು. ನನಗೆ ತಲೆ ಕೆಟ್ಟುಹೋಯಿತು. ಅಷ್ಟರಲ್ಲಿ ಚಾಳಿನ ಮುದುಕಿ ಸುಂದ್ರವ್ವ ಬಂದು, ಸೆರಗಿನ ಗಂಟು ಬಿಚ್ಚಿ ಒಂದು ಮುಷ್ಟಿ ಚುರುಮುರಿಯನ್ನು ನೀರಿಗೆ ಹಾಕಿದಳು.

"ಏನ್ ಮಾಡಾಕತ್ತೀಬೇ ಯವ್ವಾ?"

"ನೀ ತಂದು ಬಿಟ್ಟು ಹ್ವಾದಿ. ಪಾಪ, ಅವು ಏನ್ ತಿನ್ನಬೇಕೋ ಧರ್ಮಣ್ಣಾ? ದಿನಾ ಎರಡ ಹೊತ್ತು ಹಾಕ್ತೀನಿ."

"ಹುಳಾ ತಿನ್ನಲಿ ಅಂತನ ಬಿಟ್ಟೀನಬೇ!" ಎಂದು ಚೀರಿದೆ. "ನೀ ಹೊಟ್ಟಿ ತುಂಬಿಸಿದ್ರ ಅವು ಹುಳಾ ಯಾಕ ತಿಂತಾವ?"

ಸುಂದ್ರವ್ವ ಗಲ್ಲಕ್ಕೆ ಕೈ ಹಚ್ಚಿ, ಪಾಪಿಯನ್ನು ನೋಡುವಂತೆ ನನ್ನನ್ನು ನೋಡಿದಳು.

"ಶ್ರಾವಣದಾಗ ನಮ್ಮ ಚಾಳಿನ್ಯಾಗ ಯಾರೂ ಮಾಂಸಾ ಮುಟ್ಟಂಗಿಲ್ಲ. ಅಮಾಸಿ ಮುಗೀಲಿ ತಡಿ, ಆಮ್ಯಾಲ ತಿಂತಾವ."